ಹಿತ್ತಲ ಮನೆಯ ಬಾಗಿಲು

ಇನೆಸ್ ಬರಾಸಾ ಸಲಿಕೆ ಹಿಡಿದು ಹಿಮ ಬಗೆದು ತನ್ನ ಹಿತ್ತಲ ಮನೆಯೊಳಗೆ ನುಗ್ಗಿದಾಗ ಅಪಾಯದ ಗಂಟೆ ಇನ್ನೂ ಅರಚುತ್ತಲೇ ಇತ್ತು. ಬಾಡಿಗೆಗಿದ್ದ ಹೋಟೆಲ್ ಅಡುಗೆಯವ ನೆಸ್ಟರ್ ಪಲೊಮೊ ಹಾಸಿಗೆಯಲ್ಲೇ ಸತ್ತಿದ್ದ. ಹೀಟರಿನ ಕೊಳವೆಯ ಬಾಯಿಗೆ ಹಿಮ ಮುಚ್ಚಿ, ವಿಷಗಾಳಿ ಮನೆ ತುಂಬಿಕೊಂಡಿತ್ತು.

ಮಧ್ಯಾಹ್ನ ಅವಳು ವರ್ನಾ ಕ್ವಿಗ್ಲಿಯ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ವರ್ನಾ ಬೆಂಕಿ ಅನಾಹುತಗಳ ತನಿಖೆ ಮಾಡುತ್ತಲೇ ಮುದುಕಿಯಾದವಳು. ನಿವೃತ್ತಿಯಾದರೂ ಟೆರಿಲ್ ಪಟ್ಟಣದವರು ಏನೇ ಆದರೂ ಅವಳ ಬಾಗಿಲನ್ನೇ ತಟ್ಟುತ್ತಿದ್ದರು. ಅವಳ ಕಾರು ಓಡಿಸುವುದೂ ಅವಳಿಂದ ಬೈಸಿಕೊಳ್ಳುವುದೂ ಹಿಂದೆ ಶಾಲಾ ಬಸ್ ಓಡಿಸುತ್ತಿದ್ದ ರಾಸ್ಕೋ ಪೆಟ್ಟಿಬೋನನ ಕೆಲಸ.

"ನಾನೇ ಕೊಂದೆ ಅಂತಿದಾರೆ ಮೇಡಂ. ಕೇಸ್ ಹಾಕ್ತಾರಂತೆ. ಸಂಜೆ ಪುರಸಭೆಯ ಸಭೇಲಿ ಊರಿನ ಹಿತ್ತಲ ಮನೆಗಳನ್ನೆಲ್ಲ ಖಾಲಿ ಮಾಡಿಸೋಕೆ ಹೊರಟಿದಾರೆ. ಈ ಚಳೀಲಿ ಅವರೆಲ್ಲ ಮಕ್ಕಳು ಮರಿ ಕಟ್ಕೊಂಡು ಎಲ್ಲಿಗೆ ಹೋಗ್ಬೇಕು?"

"ಯಾರು ಅಂತಿರೋದು?"

"ಓಡೆಗಾರ್ಡ್ ಸರ್."

ರಾಸ್ಕೋಗೆ ಆಶ್ಚರ್ಯವಾಗಲಿಲ್ಲ. ಲೀಫ್ ಓಡೆಗಾರ್ಡ್ ಊರಿನ ಕಟ್ಟಡ ಅಧಿಕಾರಿ; ಪುರಸಭೆಯ ಹಿಮ ಬಳಿಯುವ ಗಾಡಿಯೂ ಅವನ ಸುಪರ್ದಿಯಲ್ಲೇ. ಮಾಡಿನ ಇಳಿಜಾರು, ತೊಲೆಯ ದಪ್ಪ, ಬಾಗಿಲು ತೆರೆಯುವ ದಿಕ್ಕು, ಎಲ್ಲಕ್ಕೂ ಅವನದೇ ನಿಯಮ. ಅವನ ಕಾಲದಲ್ಲಿ ಹಿಮಕ್ಕೆ ಒಂದು ಮನೆಯೂ ಕುಸಿದಿರಲಿಲ್ಲ. ಆದರೆ ಆ ನಿಯಮದಂತೆ ಕಟ್ಟಲು ಹಣವಂತರಿಗೆ ಮಾತ್ರ ಸಾಧ್ಯವಾಗಿ, ಊರಿಗೆ ಅಡುಗೆ ಮಾಡುವವರು, ಕಸ ಗುಡಿಸುವವರು ಕಾರಿನಲ್ಲಿ ಮಲಗುತ್ತಿದ್ದರು. ಹೋದ ವರ್ಷ ರಾಜ್ಯದವರು ಹೊಸ ಕಾಯ್ದೆ ತಂದರು: ಹಿತ್ತಲಲ್ಲಿ ಬಾಡಿಗೆ ಮನೆ ಕಟ್ಟಲು ರಾಜ್ಯದ ನಿಯಮವೇ ಸಾಕು, ಊರಿನವರು ಅದರ ಮೇಲೆ ಏನನ್ನೂ ಹೇರುವಂತಿಲ್ಲ, ತಪಾಸಣೆಗೂ ರಾಜ್ಯದವರೇ ಬರುತ್ತಾರೆ. ಓಡೆಗಾರ್ಡನ ಮೇಜಿಗೆ ಮನೆಯ ನಕ್ಷೆ ಮಾತ್ರ ಬರುತ್ತಿತ್ತು. ಎರಡೂ ಕಡೆ ನ್ಯಾಯವಿದೆ ಅನ್ನಿಸಿ ರಾಸ್ಕೋ ತಲೆ ಕೆಡಿಸಿಕೊಳ್ಳುತ್ತಿದ್ದ.

ಇನೆಸಳ ಹಿತ್ತಲಿನಲ್ಲಿ ಪೊಲೀಸ್ ಅಧಿಕಾರಿ ಶೆರಿಫ್ ಕಾದಿದ್ದ. ವರ್ನಾ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ಗಂಟೆ ಇಷ್ಟು ಅರಚಿದ್ರೂ ಇವನು ಏಳ್ಲಿಲ್ವಾ?" ರಾಸ್ಕೋ ಕೇಳಿದ.

"ಕಿವೀಲಿ ಮೇಣದ ಉಂಡೆ ಇತ್ತು," ಎಂದ ಶೆರಿಫ್. "ರಾತ್ರಿ ಪಾಳಿಯವನಲ್ವಾ, ಹಗಲು ನಿದ್ದೆಗೆ ಅದು ಅಭ್ಯಾಸವಾಗಿತ್ತಂತೆ. ನಿನ್ನೆ ಹಿಮ ಜಾಸ್ತಿ ಅಂತ ಹೋಟೆಲೇ ಮುಚ್ಚಿತ್ತು, ರಾತ್ರಿ ಇಲ್ಲೇ ಮಲಗಿದ್ದ."

ವರ್ನಾ ಹೊರಬಂದು, ಇನೆಸ್ ಬಗೆದು ಹಾಕಿದ ಹಿಮವನ್ನು ಕೈಗವಸಿನಲ್ಲಿ ಹಿಡಿದು ಪುಡಿ ಮಾಡಿದಳು. ಕೆಂಪು ಕಲ್ಲಿನ ಚೂರು ಉಳಿಯಿತು. ಓಣಿಯ ಹಿಮ ಮಾತ್ರ ಹಾಲಿನಷ್ಟು ಬೆಳ್ಳಗಿತ್ತು.

"ಓಣಿಯ ಹಿಮ ಬಳಿಯೋದು ನಾನೇ," ಎಂದು ಪಕ್ಕದ ಮನೆಯ ಹಾಲೆನ್‌ಬೆಕ್ ಬೇಲಿಯಾಚೆಯಿಂದ ಗುರುಗುಟ್ಟಿದ. "ಈ ಮನೆ ಬೇಡ ಅಂತ ಕೂಗಾಡಿದ್ದೂ ನಾನೇ. ಆದ್ರೆ ಪ್ರತಿ ಭಾನುವಾರ ಇದೇ ಬಾಗಿಲಲ್ಲಿ ಬಂದು ಅವನ ಕೈಯ ತಮಾಲೆ ಕಡುಬು ತಿಂತಿದ್ದೆ. ಪಾಪ, ಒಳ್ಳೆ ಹುಡುಗ."

"ಇವನದೇ ಕೆಲಸ," ರಾಸ್ಕೋ ಪಿಸುಗುಟ್ಟಿದ. "ಹಿಮ ಬಳಿಯೋ ಗಾಡಿ ಇದೆ, ಈ ಮನೆ ಮೇಲೆ ಸಿಟ್ಟೂ ಇದೆ."

"ನಿನ್ನ ತಲೇಲಿ ಬಸ್ಸಿನ ಹಾರ್ನ್ ಬಿಟ್ಟು ಬೇರೇನೂ ಇಲ್ಲ," ಎಂದಳು ವರ್ನಾ. "ಸಭೆಗೆ ಮುಂಚೆ ಎಲ್ಲರನ್ನೂ ಇಲ್ಲಿಗೆ ಕರಿ."

ಹೊತ್ತು ಮುಳುಗುವ ಮುನ್ನ ಪುರಸಭೆಯ ಅಧ್ಯಕ್ಷೆ, ಸದಸ್ಯರು, ಶೆರಿಫ್, ಹಾಲೆನ್‌ಬೆಕ್, ಇನೆಸ್ ಎಲ್ಲರೂ ಹಿತ್ತಲಿನಲ್ಲಿ ನಿಂತರು. ಓಡೆಗಾರ್ಡ್ ಕೊನೆಗೆ ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು.

"ನೋಡೋದೇನಿದೆ?" ಅವನು ಬಾಗಿಲತ್ತ ಕೈ ತೋರಿಸಿದ. "ಹೊರಕ್ಕೆ ತೆರೆಯೋ ಬಾಗಿಲು. ಹಿಮ ಅಡ್ಡ ಬಿತ್ತು, ಆ ಹುಡುಗ ತಳ್ಳಿ ತಳ್ಳಿ ಸತ್ತ. ಬೇಡ ಬೇಡ ಅಂತ ಬಡ್ಕೊಂಡೆ. ರಾಜಧಾನೀಲಿ ಬೆಚ್ಚಗೆ ಕೂತವರಿಗೆ ಹಿಮದ ಸುದ್ದಿ ಏನು ಗೊತ್ತು?"

"ನೀವೇ ತೆಗೆದು ತೋರಿಸಿ ಲೀಫ್. ಬೀಗ ಹಾಕಿಲ್ಲ."

ಓಡೆಗಾರ್ಡ್ ಹಿಡಿ ತಿರುಗಿಸಿ ಎಳೆದ. ಬಾಗಿಲು ಬರಲಿಲ್ಲ. ಕಾಲೂರಿ ಮತ್ತೆ ಎಳೆದ. "ಹೆಪ್ಪುಗಟ್ಟಿದೆ," ಎಂದ.

"ತಳ್ಳೋ ಮಾರಾಯ!" ಎಂದ ಹಾಲೆನ್‌ಬೆಕ್.

ಓಡೆಗಾರ್ಡನ ಕೈ ಹಿಡಿಯ ಮೇಲೆಯೇ ನಿಂತಿತು.

"ಈ ಬಾಗಿಲು ಒಳಕ್ಕೆ ತೆರೆಯುತ್ತೆ," ಎಂದಳು ವರ್ನಾ. "ಹೊರಗೆ ಎಷ್ಟು ಹಿಮ ಬಿದ್ರೂ ಇದು ಯಾರನ್ನೂ ಕೂಡಿ ಹಾಕಲ್ಲ. ನೆಸ್ಟರ್ ಏಳಲೇ ಇಲ್ಲ, ಯಾವ ಬಾಗಿಲನ್ನೂ ತಳ್ಳಲಿಲ್ಲ. ಹಿಮ ಮಾಡಿನಿಂದ ಜಾರಿದ್ದೂ ಅಲ್ಲ. ಅದರಲ್ಲಿ ಕೆಂಪು ಕಲ್ಲುಪುಡಿ ಇದೆ. ಗಾಡಿ ಜಾರದಿರಲಿ ಅಂತ ಆ ಪುಡಿ ಚೆಲ್ಲೋದು ದೊಡ್ಡ ಬೀದಿಗೆ ಮಾತ್ರ, ಅಲ್ಲಿನ ಹಿಮ ತಂದು ಸುರಿಯೋದು ಪುರಸಭೆಯ ಅಂಗಳಕ್ಕೆ. ಅಂದ್ರೆ ಯಾರೋ ಅಲ್ಲಿಂದ ಗಾಡೀಲಿ ತಂದು ಈ ಬಾಗಿಲಿಗೆ ಒತ್ತಿದಾರೆ. ಹಾಲೆನ್‌ಬೆಕ್ ವಾರ ವಾರ ಈ ಬಾಗಿಲು ತಳ್ಕೊಂಡು ಬಂದವನು, ಇನೆಸ್ ಇದನ್ನ ಕಟ್ಟಿದವಳು. ಒಳಕ್ಕೆ ತೆರೆಯೋ ಬಾಗಿಲಿಗೆ ಹಿಮ ಒತ್ತಿ ಪ್ರಯೋಜನ ಇಲ್ಲ ಅಂತ ಇಬ್ಬರಿಗೂ ಗೊತ್ತು. ಈ ಮನೇನ ನಕ್ಷೇಲಿ ಮಾತ್ರ ನೋಡಿದವನು, ಪುರಸಭೆಯ ಗಾಡಿ ಕೈಲಿರೋನು ಒಬ್ಬನೇ. ಕೀಲು ನೋಡಿ ಬಾಗಿಲಿನ ಜಾತಕ ಹೇಳೋ ಮನುಷ್ಯ ನೀವು, ಲೀಫ್. ಈಗಲೂ ಕೀಲಿನ ಕಡೆ ನೋಡ್ಲಿಲ್ಲ."

ಓಡೆಗಾರ್ಡ್ ಹಿಡಿಯಿಂದ ಕೈ ತೆಗೆದ. "ಅವನು ಕೆಲಸಕ್ಕೆ ಹೋಗಿರ್ತಾನೆ ಅಂದ್ಕೊಂಡೆ. ದೀಪ ಇರ್ಲಿಲ್ಲ. ಹೂತುಹೋದ ಬಾಗಿಲಿನ ಫೋಟೋ ತೆಗೆದು ರಾಜ್ಯದವರ ಮುಖಕ್ಕೆ ಹಿಡಿಯೋಣ ಅಂತಿದ್ದೆ, ಅಷ್ಟೇ. ಕೊಳವೆ ಅದೇ ಗೋಡೇಲಿದೆ ಅನ್ನೋದು ಕತ್ತಲಲ್ಲಿ ಕಾಣ್ಲಿಲ್ಲ. ಯಾರೂ ಸಾಯಬಾರದು ಅಂತಾನೇ ನಾನು ಇಷ್ಟೆಲ್ಲ..."

ಅಧ್ಯಕ್ಷೆ ಸದಸ್ಯರ ಮುಖ ನೋಡಿ, "ಇವತ್ತು ಯಾರ ಮನೇನೂ ಖಾಲಿ ಮಾಡ್ಸಲ್ಲ," ಎಂದಳು. ರಾಸ್ಕೋಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

"ನಕ್ಷೇಲಿ ಹೊರಕ್ಕೆ ಅಂತ ಇತ್ತಲ್ಲ ಇನೆಸ್," ಓಡೆಗಾರ್ಡ್ ಕೇಳಿದ. "ಯಾಕೆ ತಿರುಗಿಸ್ದೆ? ಕಾಯ್ದೆ ಕೇಳ್ತಿರ್ಲಿಲ್ಲ."

"ಕಾಯ್ದೆಗೆ ಅಂತ ಮಾಡ್ಲಿಲ್ಲ ಸರ್. ನಾನು ಚಿಕ್ಕವಳಿದ್ದಾಗ ನೀವು ನಮ್ಮ ಶಾಲೆಗೆ ಬಂದಿದ್ರಿ. ಹಿಮದ ಊರಲ್ಲಿ ಬಾಗಿಲು ಒಳಕ್ಕೆ ತೆರೀಬೇಕು ಮಕ್ಕಳೇ, ಆಗ ಬದುಕ್ಕೋತೀರಿ ಅಂದಿದ್ರಿ. ಬಾಗಿಲು ಕೂರಿಸೋ ದಿನ ಅದು ನೆನಪಾಯ್ತು."

ಓಡೆಗಾರ್ಡ್ ಬಾಗಿಲನ್ನು ಮೆಲ್ಲಗೆ ಒಳಕ್ಕೆ ತಳ್ಳಿದ. ನೆಸ್ಟರನ ಖಾಲಿ ಹಾಸಿಗೆಯನ್ನು ನೋಡಿದ. ಆಮೇಲೆ ತಿರುಗಿ ಶೆರಿಫನ ಮುಂದೆ ಎರಡೂ ಕೈ ಚಾಚಿ ನಿಂತ.