ಪೂರ್ತಿ ವಾಕ್ಯ

ಒದ್ದೆ ಹೊದಿಕೆಯ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಅವಳು ಹಿಂಡುತ್ತಿದ್ದಳು. ತಾರಸಿಯಲ್ಲಿ ಎಳೆಬಿಸಿಲು.

"ಅಮ್ಮಾ, ಒಂದು ಕೇಳ್ಲಾ?"

"ಮೊದ್ಲು ಗಟ್ಟಿಯಾಗಿ ಹಿಡ್ಕೋ ಚೂಟಿ. ಆಮೇಲೆ ಕೇಳು."

ಅಷ್ಟರಲ್ಲಿ ತಾರಸಿಯ ಬಾಗಿಲು ಧಡಾರನೆ ತೆರೆಯಿತು. ಏದುಸಿರು ಬಿಡುತ್ತಾ ನಿಂತವನು ಅವಳಿಗೆ ಓಟ ಕಲಿಸುವ ಕೋಚ್!

"ಆ ಊರು ಬೇಡ," ಎಂದ. ಹಿಂದಿಲ್ಲ, ಮುಂದಿಲ್ಲ.

ಹೊದಿಕೆ ಅವಳ ಕೈಜಾರಿ ಧೂಳಿಗೆ ಬಿತ್ತು.

"ಇದನ್ನ ಮತ್ತೆ ಒಗೆಯೋರು ಯಾರು? ನೀವಾ?"

"ಒಗೀತೀನಿ. ಆದ್ರೆ ಆ ಊರು ಬೇಡ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮ್ಯಾರಥಾನ್ ಆಯ್ಕೆಯ ಓಟ ಹತ್ತಿರ ಬರುತ್ತಿತ್ತು. ಗಾಳಿ ತೆಳುವಾಗಿರುವ ಎತ್ತರದ ಊರಲ್ಲಿ ಕೆಲವು ವಾರ ಓಡಿದರೆ ಮಾತ್ರ ಅವಳಿಗೆ ಆಯ್ಕೆಯಾಗುವ ಆಸೆ. ಔಷಧಿ ಅಂಗಡಿಯ ಸಂಬಳಕ್ಕೆ ಎಟುಕುವ ಪರದೇಶದ ಊರನ್ನು ಹುಡುಕಿ ಹುಡುಕಿ ಅವಳ ಕಣ್ಣು ಸೋತಿತ್ತು. ಈ ವಯಸ್ಸಿಗೆ ಇದೇ ಕೊನೆಯ ಅವಕಾಶ. ಕೊನೆಗೆ ಸಿಕ್ಕ ಊರಿನ ರೂಮಿನವರಿಗೆ ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕು.

ಈ ಮನುಷ್ಯನೋ, ಹೆಸರು ಹೇಳಿದ ಊರಿಗೆಲ್ಲ ಮೂಗು ಮುರಿಯುತ್ತಿದ್ದ!

"ಮೊದಲ್ನೇ ಊರಲ್ಲಿ ಆಸ್ಪತ್ರೆ ದೂರ ಅಂದ್ರಿ. ನಾನೇನು ಹೆರಿಗೆಗೆ ಹೋಗ್ತಿದೀನಾ?"

ಚೂಟಿ ಕಿಸಕ್ಕನೆ ನಕ್ಕಳು. ಅಮ್ಮನ ನೋಟ ಕಂಡು ಬಾಯಿ ಮುಚ್ಚಿಕೊಂಡಳು.

"ಎರಡ್ನೇದು ವಿಪರೀತ ಎತ್ತರ ಅಂದ್ರಿ. ಎತ್ತರ ಬೇಕು ಅಂತ ತಾನೆ ಹೋಗೋದು? ಈ ಊರು ಅಗ್ಗ, ಮಣ್ಣಿನ ದಾರಿ, ಒಬ್ಬರಿಗೆ ಸಾಕಾಗೋ ರೂಮು... ಇದಕ್ಕೇನು ಬಂತು ರೋಗ?"

"ಹತ್ತಿರದಲ್ಲಿ ಆಟದ ಮೈದಾನ ಇಲ್ಲ," ಎಂದ ಅವನು ಮೆಲ್ಲಗೆ.

"ಅಯ್ಯೋ! ಬೆಟ್ಟದ ತುಂಬ ಓಡೋಕೆ ದಾರಿ ಇರುವಾಗ ನನಗೆ ಜಾರುಬಂಡಿ ಬೇಕಾ?"

ಅವನು ಹೊದಿಕೆಯನ್ನು ಎತ್ತಿ ಸೋಪುನೀರಿನ ಬಕೆಟ್‌ಗೆ ಅದ್ದಿದ.

ಅವಳು ಮನಸ್ಸಿನಲ್ಲೇ ಅಂದುಕೊಂಡಳು. *ನನ್ನ ಕೈಲಿ ಆಗಲ್ಲ ಅಂತ ಇವರಿಗೆ ಅನ್ನಿಸ್ಬಿಟ್ಟಿದೆ. ಮಗು ಇರೋಳು, ಗಂಡ ಬಿಟ್ಟು ಹೋದೋಳು... ಇವಳೇನು ಓಡ್ತಾಳೆ ಅಂತ. ನೇರವಾಗಿ ಹೇಳೋಕೆ ಬಾಯಿ ಬರ್ತಿಲ್ಲ, ಅಷ್ಟೇ.*

ಚೂಟಿಯನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋಗುವುದೆಂದು ಅವಳು ಆಗಲೇ ಕಲ್ಲುಮನಸ್ಸು ಮಾಡಿದ್ದಳು. ಅಷ್ಟು ಮಾಡಿದ ಮೇಲೂ ಈ ಅನುಮಾನವೇ?

"ಅಮ್ಮಾ, ಈಗ ಕೇಳ್ಲಾ?"

"ಸುಮ್ನಿರು ಚೂಟಿ!"

ಆಗಲೇ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವನ ಎರಡೂ ಕೈ ಸೋಪಿನ ನೊರೆಯಲ್ಲಿದ್ದವು.

"ಸ್ವಲ್ಪ ತೆಗೀರಿ... ಅರ್ಜೆಂಟ್ ಇರ್ಬೇಕು."

ಸಿಡುಕುತ್ತಲೇ ಅವಳು ಫೋನ್ ತೆಗೆದು ಸ್ಪೀಕರ್ ಒತ್ತಿದಳು. ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ, ತಡವರಿಸುವ ಇಂಗ್ಲಿಷು. ಅವಳು ಕೇಳಿಯೇ ಇರದ ಇನ್ನೊಂದು ಬೆಟ್ಟದೂರಿನ ಮನೆಯೊಡತಿ.

"ಮಗುವಿನ ಮಂಚ ಕಿಟಕಿ ಪಕ್ಕ ಹಾಕಿಸಲೇ? ನಿಮ್ಮ ಕೋಣೆ ಮೆಟ್ಟಿಲಿನ ಆಚೆಗಿದೆ, ಅಡುಗೆಮನೆ ಮಾತ್ರ ಒಂದೇ. ಅದಕ್ಕೆ ತಾಯಿಯ ಒಪ್ಪಿಗೆ ಸಿಕ್ಕಿತೇ?"



"ಆಮೇಲೆ ಹೇಳ್ತೀನಿ," ಎಂದು ಅವನು ಅಲ್ಲಿಂದಲೇ ಕೂಗಿದ. ಫೋನ್ ಕಟ್ಟಾಯಿತು.

"ಮಗುವಿನ ಮಂಚ..." ಅವಳು ಅವನತ್ತ ತಿರುಗಿದಳು. "ಯಾವ ಮಗು?"

"ನಿಮಗೆ ಎಷ್ಟು ಮಕ್ಕಳು?" ಅವನಿಗೂ ಈಗ ರೇಗಿತ್ತು. "ಇವಳನ್ನ ಬಿಟ್ಟು ಹೋದ್ರೆ ಅಲ್ಲಿ ನಿಮಗೆ ನಿದ್ದೆ ಬರುತ್ತಾ? ಎತ್ತರದಲ್ಲಿ ನಿದ್ದೇನೇ ಅರ್ಧ ತರಬೇತಿ! ಆಸ್ಪತ್ರೆ ಇವಳಿಗೆ. ಮೈದಾನ ಇವಳಿಗೆ. ಅಷ್ಟು ಎತ್ತರ ಇವಳಿಗೆ ಆಗ್ಬರಲ್ಲ ಅಂತ ಅಂದಿದ್ದು. ನಿಮ್ಮಿಬ್ಬರನ್ನ ಬೇರೆ ಮಾಡಿ ಹುಡುಕ್ಬೇಕು ಅಂತ ನಂಗೆ ಹೊಳೀಲೇ ಇಲ್ಲ!"

"ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ನಿಮಗೆ ಗೊತ್ತೇ ಇದೆ ಅನ್ಕೊಂಡೆ..."

ಹಣೆ ಚಚ್ಚಿಕೊಳ್ಳುವಂತಾಯಿತು ಅವಳಿಗೆ. ಜೊತೆಗೇ ಕಣ್ಣು ಮಂಜಾಯಿತು.

"ಮೆಟ್ಟಿಲಾಚೆ ಕೋಣೆ ಯಾರಿಗೆ? ಶಾಲೆ ಕೆಲಸ ಬಿಟ್ಟು ಬರಕ್ಕಾಗಲ್ಲ ಅಂದಿದ್ರಿ."

"ರಜೆ ಕೇಳ್ದೆ. ಕೊಟ್ರು. ಅಂದ್ರೆ... ನಾನು... ಬೆಳಗ್ಗೆ ನೀವು ಓಡೋದು... ನೋಡ್ದೇ ಇದ್ರೆ ನಂಗೆ..."

"ಪೂರ್ತಿ ವಾಕ್ಯ!" ಚೂಟಿ ಚಪ್ಪಾಳೆ ತಟ್ಟಿ ಕೂಗಿದಳು.

ಅದು ಅವನದೇ ಮಾತು. ನಿಧಾನದ ಓಟದ ದಿನ ಪಕ್ಕದಲ್ಲಿ ಓಡುತ್ತಾ ಏನಾದರೂ ಕೇಳುತ್ತಿದ್ದ. ಏದುಸಿರಿಲ್ಲದೆ ಪೂರ್ತಿ ವಾಕ್ಯ ಹೇಳಿದರೆ ವೇಗ ಸರಿ, ತುಂಡಾದರೆ ಅವಸರವಾಯಿತು ಎಂದರ್ಥ. ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ ಚೂಟಿ ಅವನಿಗೆ ವಾಕ್ಯ ಸರ್ ಎಂದೇ ಹೆಸರಿಟ್ಟಿದ್ದಳು.

ನಿಂತಲ್ಲೇ ನಿಂತಿದ್ದ ವಾಕ್ಯ ಸರ್‌ಗೆ ಇವತ್ತು ಅರ್ಧ ವಾಕ್ಯವೂ ದಾಟಲಿಲ್ಲ. ಕಿವಿ ಕೆಂಪಗಾಗಿತ್ತು.

ಅವಳು ಬಕೆಟ್‌ನಿಂದ ಹೊದಿಕೆಯ ತುದಿಯನ್ನು ಎತ್ತಿಕೊಂಡಳು.

"ನಾನು ಹೇಳ್ತೀನಿ, ಕೇಳಿ. ನೀವು ಆರಿಸಿದ ಊರಿಗೆ ನಾವು ಬರ್ತೀವಿ, ಆದ್ರೆ ನೀವು ಪಕ್ಕದಲ್ಲಿ ಇಲ್ದೆ ಇನ್ಮೇಲೆ ನಾನು ಎಲ್ಲೂ ಓಡಲ್ಲ."

ಒಂದೇ ಉಸಿರು. ಎಲ್ಲೂ ತುಂಡಾಗಲಿಲ್ಲ.

"ವೇಗ... ಸರಿಯಾಗಿದೆ," ಎಂದ ಅವನು.

"ಸಾಕು, ಹಿಂಡಿ ಈಗ," ಎಂದು ಅವಳು ಗದರಿದಳು. ಆದರೆ ಆ ಗದರಿಕೆಯಲ್ಲಿ ನಗು ಸೇರಿಕೊಂಡಿತ್ತು. ಇಬ್ಬರ ನಡುವೆ ಹೊದಿಕೆ ಹುರಿಗೊಂಡು ನೀರಿಳಿಸಿತು.

ಅದರಡಿ ನುಸುಳಿ ಬಂದ ಚೂಟಿ ಅವನ ಒದ್ದೆ ಬೆರಳನ್ನು ಹಿಡಿದುಕೊಂಡಳು. ಈ ಸಲ ಅವಳು ಅಮ್ಮನ ಅಪ್ಪಣೆಗೆ ಕಾಯಲಿಲ್ಲ.

"ವಾಕ್ಯ ಸರ್, ಅಲ್ಲಿಂದ ವಾಪಸ್ ಬಂದ್ಮೇಲೂ ನೀವು ನಮ್ಮ ಮನೇಲೇ ಇರ್ತೀರಾ?"