ಗ್ರೇಡಿಂಗ್ ಹಾಲ್‌ನ ಹೊಸ ಮೇಡಂ

ಮ್ಯಾನೇಜರ್ ಆದ ಮೊದಲ ದಿನವೇ ಶಾಂಭವಿ ಒಂದು ಎಡವಟ್ಟು ಮಾಡಿಕೊಂಡಿದ್ದಳು. ತಿಕೋಟಾದ ಒಣದ್ರಾಕ್ಷಿ ಯೂನಿಟ್ಟಿನ ಗ್ರೇಡಿಂಗ್ ಹಾಲ್‌ನಲ್ಲಿ, ಹಿಂದಿನ ದಿನದವರೆಗೂ ತನ್ನ ಜೊತೆಗೇ ನೆಲದ ಮೇಲೆ ಕೂತು ದ್ರಾಕ್ಷಿ ಆರಿಸುತ್ತಿದ್ದ ಹೆಂಗಸರ ಮುಂದೆ ನಿಂತು, "ಇನ್ನ ಮ್ಯಾಲೆ ನನಗ ಮೇಡಂ ಅನ್ರಿ" ಅಂದುಬಿಟ್ಟಿದ್ದಳು. ಮಧ್ಯಾಹ್ನದ ಬುತ್ತಿಯನ್ನೂ ಕ್ಯಾಬಿನ್ನಿಗೆ ಒಯ್ದಳು. ಮ್ಯಾನೇಜರ್ ಅಂದರೆ ಹಾಗೇ ಇರಬೇಕು ಅಂತ ಆಕೆಗೆ ಯಾರು ಹೇಳಿದ್ದರೋ!

ಅಂದಿನಿಂದ ಎಲ್ಲರಿಗಿಂತ ಹಿರಿಯಳಾದ ಮಲಕವ್ವ ಮಾತಿಗೊಂದು ಮೇಡಂ ಸೇರಿಸಿ ಚುಚ್ಚುತ್ತಿದ್ದಳು. ಉಳಿದವರು ಬಾಯಿಯನ್ನೇ ಬಿಡುತ್ತಿರಲಿಲ್ಲ.

ಈ ಅವಾಂತರಕ್ಕೆಲ್ಲ ಸಾಕ್ಷಿ ಸಿದ್ದಲಿಂಗೇಶ. ಹೊಸ ಮ್ಯಾನೇಜರುಗಳಿಗೆ ಟ್ರೇನಿಂಗ್ ಕೊಡಲು ವಿಜಯಪುರದಿಂದ ಬರುತ್ತಿದ್ದ. ನಗುವಾಗ ಅವನ ಕಣ್ಣು ಮೊದಲು ನಗುತ್ತಿತ್ತು, ತುಟಿ ಆಮೇಲೆ. ಆ ನಡುವಿನ ಒಂದು ಕ್ಷಣಕ್ಕಾಗಿ ಶಾಂಭವಿ ಪ್ರತಿ ಗುರುವಾರ ಕಾಯುತ್ತಿದ್ದಳು.

ಇವತ್ತು ಕೊನೆಯ ಕ್ಲಾಸು. ಇನ್ನು ಅವನು ಬರುವುದಿಲ್ಲ. ಅವನು ಮನಸ್ಸಿಗೆ ಹಿಡಿಸಿದ್ದಾನೆ ಅಂತ ಇವತ್ತೇ ಹೇಳಬೇಕಿತ್ತು. ಆದರೆ ಜೊತೆಗಿದ್ದವರನ್ನೇ ಸಂಭಾಳಿಸಲಾಗದವಳು ಅವನ ಮುಂದೆ ಯಾವ ಮುಖ ಹೊತ್ತು ಬಾಯಿ ಬಿಡುವುದು?

"ಇವತ್ತೂ ಒಬ್ಬರ ಉಣ್ಣಾಕತ್ತೀರೇನ್ರಿ?" ಕ್ಯಾಬಿನ್ನಿನ ಬಾಗಿಲಲ್ಲಿ ಅವನೇ ನಿಂತಿದ್ದ.

"ನನ್ನ ಕಂಡ್ರ ಅವರಿಗೆ ಆಗೂದಿಲ್ರಿ."

"ಮಲಕವ್ವಗ ಬೆನ್ನು ನೋವು ಹತ್ತೇತಿ. ನಿಮಗ ಹೇಳ್ಯಾಳೇನು?"

ಶಾಂಭವಿಯ ತುತ್ತು ಕೈಯಲ್ಲೇ ಉಳಿಯಿತು. ತನಗೆ ಜ್ವರ ಬಂದಾಗ ತನ್ನ ಪಾಲಿನ ಕೆಲಸವನ್ನೂ ಎಳೆದುಕೊಂಡು ಮಾಡಿದವಳು ಅದೇ ಮಲಕವ್ವ!

"ನನಗ್ಯಾಕ ಹೇಳಲಿಲ್ಲ?"

"ಮೇಡಂಗ ಹ್ಯಾಂಗ ಹೇಳೂದ್ರಿ?" ಅವನ ಕಣ್ಣು ನಕ್ಕಿತು.

ಸಿಟ್ಟೂ ಬಂತು, ನಾಚಿಕೆಯೂ ಬಂತು. ಬುತ್ತಿ ಎತ್ತಿಕೊಂಡವಳೇ ದಡದಡ ನಡೆದು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

"ತಪ್ಪಾತ ಬೇ, ಮಲಕವ್ವ. ನನಗ ಶಾಂಭವಿ ಅನ್ನು. ಬೆನ್ನು ಆನಿಸಾಕ ಎಲ್ಲಾರಿಗೂ ಖುರ್ಚಿ ತರಸ್ತೇನಿ. ನಡುನಡುವ ಎದ್ದು ಓಡಾಡ್ರಿ, ಚಹಾ ಕುಡೀರಿ. ಈಗ ಮೊದ್ಲ ನಿನ್ನ ಬದನಿಕಾಯಿ ಪಲ್ಯ ಹಾಕು."

ಮಲಕವ್ವ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ರೊಟ್ಟಿಯ ಮೇಲೆ ದಂಡಿಯಾಗಿ ಪಲ್ಯ ಸುರಿದು, "ತಿನ್ನು, ಎಷ್ಟ ಸೊರಗೀದಿ ನೋಡು" ಅಂದಳು. ತಡೆದಿಟ್ಟಿದ್ದ ನಗು, ಹರಟೆ ಎಲ್ಲ ಒಮ್ಮೆಲೇ ಶುರುವಾಯಿತು. ಶಾಂಭವಿಗೆ ಕಣ್ಣು ತುಂಬಿ ಬಂತು.

"ನೀವೂ ಬರ್ರಿ ಸರ. ಕಡೀ ದಿನ ಉಂಡ ಹೋಗ್ರಿ," ಮಲಕವ್ವ ಬಾಗಿಲ ಕಡೆ ಕೂಗಿದಳು.

ಸಿದ್ದಲಿಂಗೇಶ ಬಂದು ಶಾಂಭವಿಯ ಎದುರಿಗೇ ಕೂತ. ಅವನ ಕಿವಿ ಕೆಂಪಾಗಿತ್ತು.

"ಖರೇ ಹೇಳ್ಬೇಕಂದ್ರ, ಟ್ರೇನಿಂಗ್ ಹೋದ ವಾರಾನ ಮುಗದೇತ್ರಿ. ಇನ್ನೊಂದು ಕ್ಲಾಸ್ ಐತಿ ಅಂತ ನಾನ ಸುಳ್ಳ ಹೇಳಿದ್ದೆ. ಇವತ್ತ ರಜಾ ಹಾಕಿ ಬಂದೇನಿ."

"ಯಾಕ್ರಿ?" ಶಾಂಭವಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ನಿಮ್ಮನ್ನ ನೋಡದ ಇರಾಕ ಆಗವಲ್ತು. ನೀವು ನನಗ ಭಾಳ ಮನಸಿಗೆ ಬಂದೀರಿ."

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಒಬ್ಬರನ್ನೊಬ್ಬರು ತಿವಿದರು.

"ಇಷ್ಟ ಮಂದಿ ಮುಂದ ಹೇಳ್ತಾರೇನ್ರಿ?" ಶಾಂಭವಿ ಮೆಲ್ಲಗೆ ಗದರಿದಳು.

"ಒಬ್ಬರ ಇದ್ದಾಗ ಹೇಳಾಕ ಧೈರ್ಯ ಸಾಲಲಿಲ್ರಿ."

ಶಾಂಭವಿ ತನ್ನ ರೊಟ್ಟಿ ಮುರಿದು ಅರ್ಧ ಅವನ ಕೈಗಿಟ್ಟಳು. ಬೆರಳಿಗೆ ಬೆರಳು ತಾಗಿತು. ಕೈ ಹಿಂದೆ ತೆಗೆದುಕೊಳ್ಳುವ ಅವಸರ ಇಬ್ಬರಿಗೂ ಇರಲಿಲ್ಲ.

"ರವಿವಾರ ನಮ್ಮೂರ ಹೊನವಾಡಕ್ಕ ಬರ್ರಿ. ನಮ್ಮಪ್ಪ ಮನ್ಯಾಗ ಇರತಾನ," ಅಂದಳು. ಅವನು ಉತ್ತರ ಕೊಡುವ ಮೊದಲೇ ತಲೆ ತಗ್ಗಿಸಿ ಸೇರಿಸಿದಳು:

"ಒಬ್ಬರ ಬರಬ್ಯಾಡ್ರಿ. ನಿಮ್ಮ ಅವ್ವನ್ನ ಕರಕೊಂಡ ಬರ್ರಿ."