ಉಕ್ಕದ ಹಾಲು

ಹಾಲು ಇನ್ನೇನು ಉಕ್ಕಬೇಕು...

ನೊರೆ ಪಾತ್ರೆಯ ಅಂಚಿನವರೆಗೆ ಏರಿ ಬಂದಿತ್ತು. ಧನ್ಯಾ ಕೈ ಮುಗಿದು ನಿಂತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂತು. ಟಕ್ ಅಂತ ಗ್ಯಾಸ್ ಆರಿತು. ನೊರೆ ಉಸ್ಸೆಂದು ಕುಸಿದು ತಳ ಸೇರಿತು.

ತಿರುಗಿ ನೋಡಿದರೆ ಅನೂಪ್. ಅವಳ ಗಂಡ.

ಇಬ್ಬರ ಕಣ್ಣು ಕಲೆತು ಎಷ್ಟು ಕಾಲವಾಗಿತ್ತೋ! ಅವನ ಬೆರಳು ಇನ್ನೂ ಸ್ಟವ್ ಗುಂಡಿಯನ್ನು ಬಿಗಿಯಾಗಿ ಹಿಡಿದೇ ಇತ್ತು. ಆದರೆ ಅವಳು ನೋಡಿದ್ದು ಬೆರಳನ್ನಲ್ಲ, ಮುಖವನ್ನು. ಅದು ಮುಚ್ಚಿದ ಬಾಗಿಲಿನ ಹಾಗಿತ್ತು.

"ಯಾಕೆ ಆರಿಸಿದ್ರಿ?"

"ಉಕ್ತಾ ಇತ್ತಲ್ಲ," ಎಂದವನೇ ಅವನು ಹೊರಗೆ ಹೋಗಿಬಿಟ್ಟ.

ಹೊಸದಾಗಿ ಒಂದು ಮನೆಗೆ ಹೋದಾಗ ಮೊದಲು ಹಾಲು ಉಕ್ಕಿಸಬೇಕು, ಅದು ಒಲೆಯ ಮೇಲೆಲ್ಲ ಹರಿದರೇ ಬಾಳು ತುಂಬುವುದು ಅನ್ನುವುದನ್ನು ದಾವಣಗೆರೆಯಲ್ಲಿ ಬೆಳೆದ ಧನ್ಯಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅನೂಪ್ ಹುಟ್ಟಿದ್ದೂ ಬೆಳೆದದ್ದೂ ದೆಹಲಿಯಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ನಡುವೆ ಹಿಂದಿಗೆ ಜಾರುತ್ತಾನೆ. ಆದರೂ ಈ ಶಾಸ್ತ್ರ ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದೆ ನೋಯ್ಡಾದ ಫ್ಲ್ಯಾಟಿಗೆ ಹೋದಾಗ ಅವನೇ ಪಕ್ಕದಲ್ಲಿ ನಿಂತು ಉಕ್ಕಿಸಿದ್ದ.

ಹಾಗಾದರೆ... ಗೊತ್ತಿದ್ದೇ ಆರಿಸಿದರು. ಈ ಮನೆಯಲ್ಲಿ ನನ್ನ ಜೊತೆ ಬಾಳುವ ಮನಸ್ಸು ಇವರಿಗಿಲ್ಲ.

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ನೋಯ್ಡಾ ಬಿಟ್ಟು ಬಂದದ್ದು ಅವಳ ಹಟಕ್ಕೇ. ಅಲ್ಲಿ ಒಂದು ಚಿಕ್ಕ ಕೋಣೆಗೆ ಇಬ್ಬರೂ ಸೇರಿ ಹಳದಿ ಬಣ್ಣ ಬಳಿದಿದ್ದರು, ಕಿಟಕಿಗೆ ಆನೆ ಚಿತ್ರದ ಪರದೆ ಹಾಕಿದ್ದರು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಇನ್ನೊಂದರ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರ್. ಆಮೇಲೆ ಆ ಕೋಣೆಯ ಮುಂದೆ ಓಡಾಡುವುದೇ ಅವಳಿಗೆ ಆಗುತ್ತಿರಲಿಲ್ಲ.

ಹುಡುಕಿ ಹುಡುಕಿ ಘಾಜಿಯಾಬಾದಿನಲ್ಲಿ ಈ ಹಳೇ ಮನೆ ಹಿಡಿದರು. ಮೊಸಾಯಿಕ್ ನೆಲ, ತುಕ್ಕು ಹಿಡಿದ ಕಿಟಕಿಯ ಸರಳು, ಹತ್ತಿರದಲ್ಲೇ ರೈಲು ಹೋದರೆ ಗಡಗಡ ಅನ್ನುವ ಬಾಗಿಲುಗಳು. ನಡುಮನೆಯ ಗೋಡೆಗೆ ಮನುಷ್ಯನಷ್ಟು ಎತ್ತರದ ತೇವದ ಕಲೆ. ಮನೆಯೊಡತಿ ಸಕ್ಸೇನಾ ಆಂಟಿ ಮೇಲಿನ ಮಹಡಿಯಲ್ಲಿದ್ದರು. ಮಾತಿಗೆ ಬರವಿಲ್ಲದ ಹೆಂಗಸು. ಆ ಕಲೆಗೆ ಮದ್ದೇ ಇಲ್ಲ, ನಮ್ಮ ಅತ್ತೆ ಹೋದರು, ಮಾವ ಹೋದರು, ಈ ತೇವ ಮಾತ್ರ ಹೋಗಲಿಲ್ಲ ಎಂದು ಹಿಂದಿಯಲ್ಲಿ ಹೇಳಿ ತಾವೇ ನಕ್ಕಿದ್ದರು.

ಬಂದು ವಾರಗಳೇ ಕಳೆದವು. ರಟ್ಟಿನ ಡಬ್ಬಗಳು ಲಾರಿಯಿಂದ ಇಳಿದ ಹಾಗೇ ಗೋಡೆಗೆ ಒರಗಿ ನಿಂತಿದ್ದವು. ಎರಡು ತಟ್ಟೆ, ಎರಡು ಲೋಟ, ಒಂದು ಪಾತ್ರೆ... ಅಷ್ಟರಲ್ಲೇ ಸಂಸಾರ. ಅನೂಪ್ ಬೆಳಿಗ್ಗೆ ಮೆಟ್ರೋ ಹಿಡಿದು ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಡಬ್ಬಗಳನ್ನು ಬಳಸಿಕೊಂಡು ನಡೆಯುತ್ತಿದ್ದನೇ ಹೊರತು ಒಂದನ್ನೂ ಮುಟ್ಟಲಿಲ್ಲ.

ಇವತ್ತಾದರೂ ಒಂದನ್ನು ಬಿಚ್ಚುತ್ತಾರೇನೋ ಎಂದು ಅವಳು ದಿನವೂ ಕಾದಳು. ಸಾಮಾನು ಬಿಚ್ಚುತ್ತೀಯೋ, ಹೀಗೇ ವಾಪಸ್ ಒಯ್ಯುತ್ತೀಯೋ ಎಂದು ಆಂಟಿ ತಮಾಷೆ ಮಾಡಿದ ದಿನ ಧನ್ಯಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಆ ನಲ್ಲಿಯಲ್ಲೂ ನೀರು ನಿಂತುಹೋಯಿತು. ಅಳುವ ಸದ್ದು ಮನೆಗೆಲ್ಲ ಕೇಳಿತು. ಕೇಳುವವರು ಯಾರಿದ್ದರು?

ಅವಳ ತಮ್ಮ ಶ್ರೇಯಸ್ ದೆಹಲಿಯ ಮುಖರ್ಜಿ ನಗರದಲ್ಲಿ ಇದ್ದುಕೊಂಡು ಐಎಎಸ್ ಪರೀಕ್ಷೆಗೆ ಓದುತ್ತಿದ್ದ. ಶನಿವಾರ ರಾತ್ರಿಯ ರೈಲಿಗೆ ಊರಿಗೆ ಹೊರಟಿದ್ದ. ನನಗೂ ಒಂದು ಟಿಕೆಟ್ ಮಾಡು ಎಂದಳು. ಭಾವ ಬರಲ್ವಾ ಅಂತ ಕೇಳಿದ್ದಕ್ಕೆ ಫೋನ್ ಇಟ್ಟುಬಿಟ್ಟಳು.

ಶನಿವಾರ ಮಧ್ಯಾಹ್ನ ಕರೆಂಟ್ ಹೋಯಿತು. ಜೂನ್ ತಿಂಗಳ ಬಿಸಿಗಾಳಿಗೆ ಗೋಡೆಗಳೇ ಬೆವರುವಂತಿದ್ದವು. ಸೂಟ್‌ಕೇಸ್ ಬಾಗಿಲ ಬಳಿ ಇಟ್ಟು ಧನ್ಯಾ ಕೂತಿದ್ದಾಗ ಅನೂಪ್ ಎಂದಿಲ್ಲದ ಹಾಗೆ ಬೇಗ ಬಂದ. ಸೂಟ್‌ಕೇಸ್ ನೋಡಿದ. ಅದನ್ನೂ ಬಳಸಿಕೊಂಡು ಒಳಗೆ ಬಂದ.

"ಶ್ರೇಯಸ್ ಫೋನ್ ಮಾಡಿದ್ದ," ಎಂದ. "ಟೀ ಮಾಡ್ತೀನಿ. ಕುಡಿದು ಹೋಗು. ಸ್ಟೇಷನ್‌ಗೆ ನಾನೇ ಬಿಡ್ತೀನಿ."

ಹೋಗಬೇಡ ಅನ್ನುವುದೂ ಇಲ್ಲ, ಇರು ಅನ್ನುವುದೂ ಇಲ್ಲ! ಅವನು ತಣ್ಣಗಿಲ್ಲದ ಫ್ರಿಜ್‌ನಿಂದ ಹಾಲು ತೆಗೆದು ಒಲೆಯ ಮೇಲಿಟ್ಟ. ಅದೇ ಪಾತ್ರೆ, ಅದೇ ಒಲೆ. ಧನ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹೋಗುವ ಮುಂಚೆ ಆ ಮುಳ್ಳನ್ನಾದರೂ ಕಿತ್ತುಕೊಂಡು ಹೋಗಬೇಕು ಅನ್ನಿಸಿತು.

"ಒಂದೇ ಒಂದು ಕೇಳ್ತೀನಿ. ಅವತ್ತು ಗ್ಯಾಸ್ ಯಾಕೆ ಆರಿಸಿದ್ರಿ? ನನ್ನ ಜೊತೆ ಇಲ್ಲಿ ಇರೋದು ನಿಮಗೆ ಬೇಡವಾಗಿತ್ತು, ಅಲ್ವಾ?"

ಅವನು ಬೆನ್ನು ತಿರುಗಿಸಿಯೇ ನಿಂತಿದ್ದ.

"ಆ ಮನೇಲಿ ಉಕ್ಕಿತ್ತಲ್ಲ, ಧನ್ಯಾ," ಎಂದ. "ಒಲೆ ಮೇಲೆ, ಕಟ್ಟೆ ಮೇಲೆ, ನೆಲದವರೆಗೂ ಹರೀತು. ಅಮ್ಮ ವೀಡಿಯೋ ಮಾಡಿದ್ರು. ಮನೆ ತುಂಬುತ್ತೆ ಅಂತ ಎಲ್ಲರೂ ಚಪ್ಪಾಳೆ ಹೊಡೆದ್ರು. ತುಂಬಿತಾ?"

ಧನ್ಯಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಇಲ್ಲೂ ಅದು ಮೇಲೆ ಬರ್ತಾ ಇತ್ತು. ನೀನು ಕೈ ಮುಗಿದು... ಮತ್ತೆ ಏನೋ ಕೇಳ್ಕೊಳ್ತಾ ಇದ್ದೆ. ನನಗೆ..." ಅವನ ಕನ್ನಡ ಅಲ್ಲಿಗೆ ಮುಗಿಯಿತು. "ಮುಝೆ ಡರ್ ಲಗಾ, ಧನ್ಯಾ. ಬಹುತ್ ಡರ್ ಲಗಾ."

ಇಷ್ಟು ದಿನ ಆ ಭಯವನ್ನು ತಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದಳು ಅವಳು. ಮಗು ಹೋದ ದಿನ ಆಸ್ಪತ್ರೆಯಲ್ಲಿ ಇವನು ಅಳಲಿಲ್ಲವೆಂದು ಎಷ್ಟು ಬೈದುಕೊಂಡಿದ್ದಳು, ಒಳಗೊಳಗೇ!

"ಡಬ್ಬಗಳು?" ಎಂದಳು. "ಒಂದನ್ನೂ ಮುಟ್ಟಲಿಲ್ಲ ನೀವು..."

"ನೀನು ಬಿಚ್ಚೋವರೆಗೂ ಮುಟ್ಟಬಾರದು ಅನ್ಕೊಂಡೆ. ನೀನು ಬಿಚ್ಚಿದ್ರೆ ಇರ್ತೀಯ ಅಂತ ಅರ್ಥ. ದಿನಾ ಆಫೀಸಿಂದ ಬಂದು ಮೊದಲು ಟೇಪ್ ನೋಡ್ತಿದ್ದೆ, ಕಿತ್ತಿದೆಯಾ ಅಂತ."

ಅವಳು ಹತ್ತಿರ ಹೋಗಿ ಅವನ ಬೆನ್ನಿಗೆ ಹಣೆ ಆನಿಸಿದಳು. ಬೆವರಿಗೆ ಅಂಗಿ ಒದ್ದೆಯಾಗಿತ್ತು. ಅವನ ಬೆನ್ನು ಒಮ್ಮೆ ನಡುಗಿತು, ಆಮೇಲೆ ತಡೆಯಲಾರದೆ ಅಲುಗಾಡತೊಡಗಿತು. ಅಷ್ಟು ತಿಂಗಳಿಂದ ಕಟ್ಟಿಕೊಂಡಿದ್ದ ಅಳು ಅದು. ಧನ್ಯಾ ಸುಮ್ಮನೆ ಹಿಡಿದುಕೊಂಡಿದ್ದಳು.

ಒಲೆಯ ಕಡೆ ಮೊದಲು ನೋಡಿದ್ದು ಅವಳೇ.

ಹಾಲು ಉಕ್ಕಿರಲಿಲ್ಲ. ಒಡೆದಿತ್ತು. ಹಳದಿ ನೀರಿನಲ್ಲಿ ಬಿಳಿ ಚೂರುಗಳು ತೇಲುತ್ತಿದ್ದವು.

ಅನೂಪ್ ಗ್ಯಾಸ್ ಆರಿಸಿದ. "ದೇಖಾ?" ಎಂದ, ಸೋತ ದನಿಯಲ್ಲಿ. "ಈ ಮನೇಲಿ ಒಂದು ಟೀ ಕೂಡ ಆಗಲ್ಲ." ಪಾತ್ರೆಯನ್ನು ಸಿಂಕಿನ ಕಡೆ ಒಯ್ದ.

"ಚೆಲ್ಲಬೇಡಿ."

ಅವನು ನಿಂತ.

ಬಾಳು ಸರಿಹೋಗುತ್ತದೆ ಎಂದು ಅವಳಿಗೇನೂ ಅನ್ನಿಸಿರಲಿಲ್ಲ. ಮಗು ಬರುವುದಿಲ್ಲ. ಗೋಡೆಯ ತೇವ ಹೋಗುವುದಿಲ್ಲ. ಆದರೂ ಹಾಲು ಒಡೆದ ದಿನ ಅಮ್ಮ ಮಾಡುತ್ತಿದ್ದುದು ನೆನಪಾಯಿತು... ಬೆಲ್ಲ ಹಾಕಿ, ಏಲಕ್ಕಿ ಪುಡಿ ಉದುರಿಸಿ, ಗಟ್ಟಿಯಾಗುವವರೆಗೆ ಕೈಯಾಡಿಸಿ, ಬಟ್ಟಲಿಗೆ ಹಾಕಿ ಕೊಡುತ್ತಿದ್ದರು. ಅದಕ್ಕಾಗಿ ಅವಳೂ ಶ್ರೇಯಸ್ಸೂ ಜಗಳ ಆಡುತ್ತಿದ್ದರು.

"ಬೆಲ್ಲ ಎಲ್ಲಿದೆ?"

"ಯಾವುದೋ ಡಬ್ಬದಲ್ಲಿದೆ. ಗೊತ್ತಿಲ್ಲ." ಅವನು ಅವಳ ಮುಖ ನೋಡಿದ. "ಎಲ್ಲಾ ಬಿಚ್ಚಬೇಕಾಗುತ್ತೆ."

"ಕತ್ತರಿ ಕೊಡಿ ಮತ್ತೆ."

"ಅದೂ ಡಬ್ಬದಲ್ಲೇ ಇದೆ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವನು ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟ.

"ಶ್ರೇಯಸ್ ಸ್ಟೇಷನ್‌ನಲ್ಲಿ ಕಾಯ್ತಾನೆ," ಎಂದ ಮೆಲ್ಲಗೆ.

ಧನ್ಯಾ ಮೊದಲ ಡಬ್ಬದ ಮುಂದೆ ಕೂತು ಕೀಲಿಯ ತುದಿಯನ್ನು ಟೇಪಿಗೆ ಚುಚ್ಚಿದಳು.

"ನೀವೇ ಫೋನ್ ಮಾಡಿ ಹೇಳಿ. ನನಗೆ ಕೈ ಬಿಡುವಿಲ್ಲ."